ಮನೆಗೆ ಬಣ್ಣ: ಒಳಗೆ ಮೊದಲೋ, ಹೊರಗೆ ಮೊದಲೋ?



ಕೃಷಿಯ ನಾಲ್ಕು ಮಾತು ಕೇಳೋಣವೆಂದು ಕುಳಿತ ತಮಗೆ ಇವತ್ತಿನ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಎಲೆತುಕ್ಕು, ಮರಗಸಿ, ಕಾಂಡಕೊರಕ ಇವುಗಳ ವಿಚಾರ ಹೇಳಬೇಕಾದವನು ಗೋಡೆಗೆ ಬಣ್ಣ ಬಳಿಯುವ ಮಾತೆತ್ತಿದ್ದಾನಲ್ಲ, ಇವನಿಗೇನು ಬಂತು ಎಂದುಕೊಳ್ಳಬೇಡಿ. ಮಲ್ಲಂದೂರಿನ ಸುತ್ತಮುತ್ತ ತೋಟಗಳಿಗೆ ಹೋದಾಗ, ಫೆಬ್ರವರಿ ತಿಂಗಳು ಬಂದು ಕಾಫಿ ಕಣ ಖಾಲಿಯಾಗುವ ಹೊತ್ತಿಗೆ, ಗಿಡದ ಪ್ರಶ್ನೆಯ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ: “ಸಾರ್, ಈ ಸಲ ಮನೆಗೊಂದಿಷ್ಟು ಬಣ್ಣ ಮಾಡ್ಸೋಣ ಅಂತಿದೀವಿ. ಎರಡೂ ಕಡೆಗೆ ದುಡ್ಡು ಸಾಲದು. ಒಳಗೆ ಮಾಡ್ಸೋದೋ, ಹೊರಗೆ ಮಾಡ್ಸೋದೋ?”

ಕೇಳುವುದು ಸಹಜವೇ. ವರ್ಷಕ್ಕೊಂದು ಬಾರಿ ಕಾಫಿಯ ದುಡ್ಡು ಕೈಗೆ ಬರುತ್ತದೆ. ಅದರಲ್ಲಿ ಸೊಸೈಟಿಯ ಸಾಲ ಕಟ್ಟಬೇಕು, ಗೊಬ್ಬರ ತರಬೇಕು, ಮಕ್ಕಳ ಫೀಸು ಕೊಡಬೇಕು. ಉಳಿದುದರಲ್ಲಿ ಬಣ್ಣ. ಆ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದುಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಲ್ಲದೆ ನಮ್ಮ ಕಡೆ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಒಣಗಿಸಿದ ಕಾಫಿ, ಮೆಣಸು, ಅಡಿಕೆ, ವರ್ಷದ ಅಕ್ಕಿ ಎಲ್ಲವೂ ಅದೇ ಗೋಡೆಗಳ ನಡುವೆ ಇರುತ್ತವೆ. ಗೋಡೆ ಥಂಡಿಯಾದರೆ ಮೂಟೆಯೂ ಥಂಡಿ. ಆದುದರಿಂದ ಇದು ಕೃಷಿಯ ವಿಚಾರವೂ ಹೌದೆಂದು ಇಟ್ಟುಕೊಂಡು ಮುಂದೆ ಹೋಗೋಣ.

ಈ ಪ್ರಶ್ನೆ ಎದ್ದ ಮನೆಯಲ್ಲೆಲ್ಲ ಸಾಮಾನ್ಯವಾಗಿ ಎರಡು ಪಕ್ಷ. ಯಜಮಾನರದು ಹೊರಗಿನ ಪಕ್ಷ. ರಸ್ತೆಗೆ ಕಾಣುವ ಮುಂಭಾಗ ಚೆನ್ನಾಗಿರಬೇಕು, ನಾಲ್ಕು ಜನ ನೋಡಬೇಕು. ಮನೆಯಾಕೆಯದು ಒಳಗಿನ ಪಕ್ಷ. “ದಿನಾ ಬಾಳೋರು ಒಳಗೆ ತಾನೇ? ಅಡಿಗೆಮನೆ ಮಸಿ ನೋಡಿ. ಬಂದ ನೆಂಟರೇನು ಅಂಗಳದಲ್ಲಿ ಕೂತು ಊಟ ಮಾಡ್ತಾರಾ?” ನನ್ನನ್ನು ಕೇಳಿದರೆ, ಇಬ್ಬರ ಕಾರಣಗಳಲ್ಲಿ ಆ ತಾಯಿಯ ಕಾರಣವೇ ತೂಕದ್ದು. ಆದರೂ ಕೆಲಸ ಹೊರಗಿನಿಂದಲೇ ಆಗಬೇಕು. ಹೊರಗೆ ಎಂದರೆ ಯಜಮಾನರು ಹೇಳುವ ಮುಂಭಾಗವಲ್ಲ. ಬಚ್ಚಲುಮನೆಯ ಹಿಂದೆ, ಕೊಟ್ಟಿಗೆಯ ಪಕ್ಕದಲ್ಲಿ, ಯಾರೂ ನೋಡದೆ ಪಾಚಿಗಟ್ಟಿ ನಿಂತಿರುವ ಗೋಡೆಯೊಂದಿದೆಯಲ್ಲ, ಅದು ಮೊದಲು.

ಯಾಕೆಂದು ಹೇಳುತ್ತೇನೆ. ಕಾಫಿ ಬೆಳೆಯುವವರಿಗೆ ಇದನ್ನು ತಿಳಿಸುವುದು ಬಹಳ ಸುಲಭ. ಎಲೆತುಕ್ಕು ರೋಗಕ್ಕೆ ಮುಂಗಾರಿಗೆ ಮುಂಚೆ ಶೇಕಡಾ ೦.೫ರ ಬೋರ್ಡೋ ದ್ರಾವಣ ಸಿಂಪಡಿಸುತ್ತೀರಿ. ಸಿಂಪಡಿಸುವಾಗ ಎಲೆಯ ಅಡಿಭಾಗ ನೆನೆಯಬೇಕೆಂದು ನಾವು ಗಂಟಲು ಹರಿದುಕೊಳ್ಳುವುದು ಏತಕ್ಕೆ? ತುಕ್ಕಿನ ಶಿಲೀಂಧ್ರ ಎಲೆಯೊಳಕ್ಕೆ ನುಗ್ಗುವುದು ಅಡಿಭಾಗದ ಸಣ್ಣ ರಂಧ್ರಗಳ ಮೂಲಕ. ಮೇಲ್ಭಾಗವನ್ನು ಮಾತ್ರ ನೀಲಿ ಮಾಡಿ ಬಂದರೆ ನೋಡಲಿಕ್ಕೆ ಚೆಂದ, ರೋಗಕ್ಕೇನೂ ಆಗುವುದಿಲ್ಲ. ಗೋಡೆಗೂ ಹೀಗೆಯೇ ಎರಡು ಮುಖ. ರೋಗ ಕಾಣುವುದು ಒಳಮುಖದಲ್ಲಿ: ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಕಪ್ಪು ಚುಕ್ಕೆಯ ಬೂಷ್ಟು ಹಿಡಿಯುತ್ತದೆ. ರೋಗ ಹೊಗುವುದು ಹೊರಮುಖದಿಂದ.

ನಮ್ಮ ಮುಂಗಾರು ಬರುವುದು ನೈಋತ್ಯದಿಂದ. ಮೃಗಶಿರದಿಂದ ಆಶ್ಲೇಷಾ ಮಳೆಯ ತನಕ, ಅಂದರೆ ಜೂನ್ ಎರಡನೆಯ ವಾರದಿಂದ ಆಗಸ್ಟ್ ನಡುವಿನ ತನಕ, ಗಾಳಿಯ ಜೊತೆ ಬರುವ ಇರಚಲು ಪಶ್ಚಿಮದ ಮತ್ತು ದಕ್ಷಿಣದ ಗೋಡೆಗಳಿಗೆ ಬಡಿಯುತ್ತಲೇ ಇರುತ್ತದೆ. ಗೋಡೆ ಇಟ್ಟಿಗೆಯದಾಗಲಿ, ಜಂಬಿಟ್ಟಿಗೆಯದಾಗಲಿ, ಸಿಮೆಂಟ್ ಬ್ಲಾಕಿನದಾಗಲಿ, ಗಾರೆಯ ಸಣ್ಣ ಬಿರುಕಿನಿಂದ ನೀರನ್ನು ಕುಡಿಯುತ್ತದೆ. ಕುಡಿದ ನೀರು ಒಳಮುಖದ ಕಡೆಗೆ ಸರಿಯುತ್ತದೆ. ಬರುವಾಗ ಇಟ್ಟಿಗೆ ಮತ್ತು ಗಾರೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಒಳಗೆ ತಾವು ಒಳ್ಳೆಯ ಎಮಲ್ಷನ್ ಬಳಿದಿದ್ದೀರಿ ಎನ್ನಿ. ಆ ಬಣ್ಣದ ಪದರ ನೀರಿಗೆ ಅಡ್ಡ ನಿಲ್ಲುತ್ತದೆ. ನೀರು ಹಿಂದಿನಿಂದ ತಳ್ಳುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಅಂಗಡಿಯವನ ಬಣ್ಣ ಕೆಟ್ಟದ್ದು ಎಂದು ಅವನ ಮೇಲೆ ಜಗಳಕ್ಕೆ ಹೋಗುತ್ತೇವೆ. ಪಾಪ, ಬಣ್ಣದ ತಪ್ಪೇನೂ ಅದರಲ್ಲಿಲ್ಲ.

ಹಿಂದಿನವರ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲೂ ಹೆಂಚಿನ ಮನೆಗಳು ಎದ್ದವು. ಅವಕ್ಕೆ ಅಗಲವಾದ ಸೂರು, ಸುತ್ತ ಜಗಲಿ. ಅದೂ ಸಾಲದೆಂದು ಮಳೆಗಾಲ ಹತ್ತಿರವಾದಾಗ ಇರಚಲು ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಮಳೆಹನಿಯೇ ತಾಗುತ್ತಿರಲಿಲ್ಲ. ಈಗ ಪೇಟೆಯ ನಕ್ಷೆ ತಂದು ಚೌಕದ ಪೆಟ್ಟಿಗೆಯಂಥ ತಾರಸಿ ಮನೆ ಕಟ್ಟುತ್ತೇವೆ. ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜ, ಅಷ್ಟೆ. ಉಳಿದ ಗೋಡೆಯೆಲ್ಲ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ. ಅಂಥ ಮನೆಗೆ ಹೊರಗಿನ ಬಣ್ಣವೇ ಸೂರು, ಅದೇ ತಟ್ಟಿ.

ಒಂದು ಮನೆಯ ಸಂಗತಿ ಹೇಳುತ್ತೇನೆ. ನಾಲ್ಕೆಕರೆ ಕಾಫಿ, ಗಂಡ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಮೂರು ವರ್ಷದಲ್ಲಿ ಎರಡು ಸಲ ಒಳಗೆ ಬಣ್ಣ ಮಾಡಿಸಿದ್ದರು. ಎರಡು ಸಲವೂ ಮೂಲೆಯ ಕೋಣೆ ಕೆಟ್ಟಿತು. ಆ ಕೋಣೆಯಲ್ಲಿ ಅಜ್ಜಿಯ ಮಂಚ, ಮಂಚದ ಆಚೆ ಮೆಣಸಿನ ಮೂಟೆಗಳು. ಅಜ್ಜಿಗೆ ಉಬ್ಬಸ. ಮಳೆಗಾಲ ಬಂದರೆ ರಾತ್ರಿಯೆಲ್ಲ ಎದ್ದು ಕೂರುವ ಪರಿಸ್ಥಿತಿ. ಗೋಡೆಯ ಬೂಷ್ಟಿನ ಗಾಳಿ ಉಬ್ಬಸದವರಿಗೆ ಒಳ್ಳೆಯದಲ್ಲವೆಂದು ವೈದ್ಯರೂ ಹೇಳಿದ್ದರು. ಯಜಮಾನರು ಮೂರನೆಯ ಸಲ ಇನ್ನೂ ದುಬಾರಿಯ ಬಣ್ಣ ತರುವ ಯೋಚನೆಯಲ್ಲಿದ್ದರು. ಅಜ್ಜಿ ಮಾತ್ರ, “ಬಣ್ಣ ಯಾಕಪ್ಪಾ? ಆ ಗೋಡೆ ಬೆವರೋದನ್ನ ತಾರಸಿ ಹಾಕ್ದಾಗಿಂದ ನೋಡ್ತಿದೀನಿ. ಮೊದ್ಲು ಹಿಂದ್ಗಡೆ ಹೋಗಿ ನೋಡು” ಎಂದರು. ಹಿಂದುಗಡೆ ಹೋಗಿ ನೋಡಿದೆವು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು, ತಾರಸಿಯ ನೀರಿನ ಪೈಪು ಗೋಡೆಗೆ ಸರಿಯಾಗಿ ಸುರಿಯುತ್ತಿದೆ, ಮೊಳಕಾಲೆತ್ತರದ ತನಕ ಮಣ್ಣಿನ ಸಿಡಿತ. ಪೈಪನ್ನು ಮುಂದಕ್ಕೆ ಚಾಚಿಸಿ, ಬಿರುಕನ್ನು ಕೆತ್ತಿ ಗಾರೆ ತುಂಬಿಸಿ, ಆ ಒಂದು ಗೋಡೆಗೆ ಹೊರಗಿನಿಂದ ಬಣ್ಣ ಮಾಡಿಸಿದರು. ಒಳಗೆ ಆ ವರ್ಷ ಏನೂ ಮಾಡಲಿಲ್ಲ, ಹಳೆಯ ಬಣ್ಣ ಕೆರೆದು ಹಾಗೆಯೇ ಬಿಟ್ಟರು. ಅಜ್ಜಿಯ ಮಂಚವನ್ನು ಪೂರ್ವದ ಕೋಣೆಗೆ ಹಾಕಿದರು. ಮಳೆಗಾಲ ಮುಗಿದು ನಾನು ಮತ್ತೆ ಹೋದಾಗ ಆ ಗೋಡೆಯ ಒಳಮುಖ ಅಂದಗೆಟ್ಟಿದ್ದರೂ ಮುಟ್ಟಿದರೆ ಒಣಗಿತ್ತು. ಉಬ್ಬಸ ಹೋಯಿತೆಂದು ನಾನು ಹೇಳುವುದಿಲ್ಲ, ಅದು ವೈದ್ಯರಿಗೆ ಬಿಟ್ಟ ಮಾತು. ಮೆಣಸಿಗೆ ಮಾತ್ರ ಬೂಷ್ಟು ಬಂದಿರಲಿಲ್ಲ.

ಹಾಗಾದರೆ ತಮ್ಮ ಮನೆಯ ಯಾವ ಗೋಡೆ ಮೊದಲು? ಪಶ್ಚಿಮ, ದಕ್ಷಿಣ ಎಂದೆನಾದರೂ ನಮ್ಮ ಗುಡ್ಡ ಕಣಿವೆಗಳಲ್ಲಿ ಗಾಳಿ ಸುತ್ತಿ ಬರುತ್ತದೆ. ಬಾಬಾಬುಡನ್ ಗಿರಿಯ ತಪ್ಪಲಲ್ಲಿ ಒಂದು ಮನೆಗೆ ಹೊಡೆಯುವ ದಿಕ್ಕು ಪಕ್ಕದ ಮನೆಗಿಲ್ಲ. ದಿಕ್ಸೂಚಿ ಬೇಡ, ಪಾಚಿಯನ್ನು ನೋಡಿ. ಎಲ್ಲಿ ಅತಿ ಹೆಚ್ಚು ಹಸಿರು, ಕಪ್ಪು ಇದೆಯೋ ಅದೇ ತಮ್ಮ ಮೊದಲನೆಯ ಗೋಡೆ. ಆ ಗೋಡೆಯ ಒಳಮುಖ ಒಣಗಿದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯೂ ಇದೆ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ ಗೋಡೆಗೆ ಹಚ್ಚಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಹಾಳೆಯ ಒಳಗಡೆ, ಗೋಡೆಯ ಮಗ್ಗುಲಲ್ಲಿ ಬೆವರು ಹನಿ ಇದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ಹನಿ ಕೋಣೆಯ ಕಡೆ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯ ಥಂಡಿ. ಕಿಟಕಿ ತೆರೆಯಿರಿ, ಬೆಂಕಿಯ ಹೊಗೆ ಹೊರಹೋಗಲು ದಾರಿ ಮಾಡಿ.

ಈಗ ಕಾಲದ ವಿಚಾರ. ಬಣ್ಣಕ್ಕಿಂತ ಕಾಲ ಮುಖ್ಯ ಎಂದು ನನ್ನ ಅಭಿಪ್ರಾಯ. ದೀಪಾವಳಿಗೆ ಬಣ್ಣ ಮಾಡಿಸುವ ರೂಢಿ ಬಯಲುಸೀಮೆಗೆ ಸರಿ. ನಮ್ಮಲ್ಲಿ ಆಗಿನ್ನೂ ಗೋಡೆ ಮಳೆಗಾಲದ ನೀರನ್ನು ಹೊತ್ತುಕೊಂಡಿರುತ್ತದೆ. ನವೆಂಬರಿನಲ್ಲೂ ಒಂದೆರಡು ಮಳೆ ಬಿಡುವುದಿಲ್ಲ. ಅಷ್ಟರಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಆಮೇಲೆ ರೋಬಸ್ಟಾ. ಆಳುಗಳೆಲ್ಲ ತೋಟದಲ್ಲಿ. ಈ ಮೂರು ತಿಂಗಳು ಗೋಡೆಯನ್ನು ಅದರ ಪಾಡಿಗೆ ಬಿಡಿ. ಚಳಿಗಾಲದ ಒಣ ಗಾಳಿಗೆ ತಾನಾಗಿ ಒಣಗುತ್ತದೆ. ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಭರಣಿ ಮಳೆಯ ಒಳಗೆ, ಅಂದರೆ ಏಪ್ರಿಲ್ ಕೊನೆಯ ವಾರದೊಳಗೆ, ಹೊರಗಿನ ಕೆಲಸ ಮುಗಿಯಬೇಕು. ನಡುವೆ ಹೂಮಳೆ ಬರುತ್ತದೆ. ಹೂಮಳೆ ಬೇಡವೆನ್ನುವ ಬೆಳೆಗಾರ ಎಲ್ಲಿದ್ದಾನೆ? ಸುಣ್ಣ ಬಳಿದ ಸಂಜೆಗೆ ಮಾತ್ರ ಬೇಡವೆನ್ನಿಸುತ್ತದೆ. ಆದುದರಿಂದ ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ದಿನಗಳಲ್ಲಿ ಬೆಳಗ್ಗೆ ಬೇಗ ಶುರುಮಾಡಿ ಹನ್ನೆರಡಕ್ಕೆ ನಿಲ್ಲಿಸಿ. ಹೂಮಳೆ ಬಿದ್ದರೆ ಗೋಡೆ ಚೆನ್ನಾಗಿ ಆರುವ ತನಕ ಕಾದು ಮತ್ತೆ ಹಿಡಿಯಿರಿ.

ಬಣ್ಣಕ್ಕೂ ಮುಂಚೆ ಹೆಂಚು. ಒಡೆದ ಹೆಂಚು ಬದಲಾಯಿಸಿ, ಸರಿದದ್ದನ್ನು ಕೈಯಾಡಿಸಿ. ಈ ಕೆಲಸದಲ್ಲಿ ವರ್ಷದ ಕಸ, ಧೂಳು, ಇಲಿ ಹಿಕ್ಕೆ ಎಲ್ಲ ಒಳಗೆ ಉದುರುತ್ತದೆ. ಹೊರಗಿನ ಗೋಡೆ ಕೆರೆಯುವಾಗ ಕಿಟಕಿಯಿಂದ ಧೂಳು ಬರುತ್ತದೆ. ಒಳಗೆ ಮೊದಲು ಬಣ್ಣ ಮಾಡಿಸಿದವರು ಇದನ್ನೆಲ್ಲ ಹೊಸ ಬಣ್ಣದ ಮೇಲೆ ಉದುರಿಸಿಕೊಳ್ಳುತ್ತಾರೆ. ಹೆಂಚು, ಸೂರಿನ ದೋಣಿ, ಬಿರುಕು, ಬುಡದ ಚರಂಡಿ ಇವಾದ ಮೇಲೆ ಹೊರಗಿನ ಬಣ್ಣ, ಆಮೇಲೆ ಒಳಗೆ. ಬುಡದಲ್ಲಿ ಸೂರಿನ ನೀರು ಬೀಳುವ ಕಡೆ ಎರಡಡಿ ಅಗಲಕ್ಕೆ ಜಲ್ಲಿ ಹರಡಿದರೆ ಮಣ್ಣು ಸಿಡಿಯುವುದು ಎಷ್ಟೋ ಕಡಿಮೆಯಾಗುತ್ತದೆ. ನೆಲದಿಂದಲೇ ನೀರು ಏರುತ್ತಿದ್ದರೆ ಅದಕ್ಕೆ ಯಾವ ಬಣ್ಣವೂ ಮದ್ದಲ್ಲ. ಚರಂಡಿ ತೋಡಿ ನೀರನ್ನು ಪಾಯದಿಂದ ದೂರ ಕಳಿಸಬೇಕು.

ಏನು ಬಳಿಯುವುದು? ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ನನ್ನ ಸಲಹೆ ಸುಣ್ಣವೇ. ಮಣ್ಣಿನ ಗೋಡೆ ಉಸಿರಾಡುವ ಗೋಡೆ. ಅದಕ್ಕೆ ಸಿಮೆಂಟ್ ಗಾರೆ ಮೆತ್ತಿ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದರೆ ಒಳಗೆ ಸೇರಿದ ನೀರು ಹೊರಬರಲಾರದೆ ಬುಡ ಮೆತ್ತಗಾಗುತ್ತದೆ, ಗಾರೆ ಚಕ್ಕೆಯಾಗಿ ಕಳಚುತ್ತದೆ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ೫ ಲೀಟರ್ ನೀರಿನಂತೆ ಅರಳಿಸಿ, ೨೪ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಅಥವಾ ಗಂಜಿ ಸೇರಿಸಿ ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಒಂದು ಸಲದ್ದು ಒಣಗಿದ ಮೇಲೆ ಇನ್ನೊಂದು. ಅರಳುವ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳನ್ನು ಹತ್ತಿರ ಬಿಡಬೇಡಿ. ಇಲ್ಲಿ ಇನ್ನೊಂದು ಮಾತು. ತೋಟಕ್ಕೆ ತಂದ ಕೃಷಿ ಸುಣ್ಣ ಮಿಕ್ಕಿದೆಯೆಂದು ಅದನ್ನೇ ಕಲಸಿ ಬಳಿಯುವವರಿದ್ದಾರೆ. ಅದು ಸುಣ್ಣದ ಕಲ್ಲಿನ ಬರಿಯ ಪುಡಿ, ಸುಟ್ಟದ್ದಲ್ಲ. ಮಣ್ಣಿನ ಹುಳಿ ತೆಗೆಯಲು ಒಳ್ಳೆಯದು, ಗೋಡೆಗೆ ಕಚ್ಚುವುದಿಲ್ಲ. ಬೋರ್ಡೋ ದ್ರಾವಣಕ್ಕೆ ಯಾವ ಸುಣ್ಣ ಬಳಸುತ್ತೀರೋ ಆ ಜಾತಿಯದು ಬೇಕು.

ಸಿಮೆಂಟ್ ಗಾರೆಯ ಗೋಡೆಗೆ ಸಿಮೆಂಟ್ ಬಣ್ಣವಾದರೂ ಆದೀತು, ಹೊರಗೋಡೆಗೆಂದೇ ಮಾಡಿದ ಎಮಲ್ಷನ್ ಆದರೂ ಆದೀತು. ಸಿಮೆಂಟ್ ಬಣ್ಣ ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸಬೇಕು, ಕಲಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಮಾರನೆಯ ದಿನ ಎರಡನೆಯ ಕೈ. ಆಮೇಲೂ ಎರಡು ದಿನ ನೀರು ಚಿಮುಕಿಸುತ್ತಿದ್ದರೆ ಗಟ್ಟಿಯಾಗಿ ಹಿಡಿಯುತ್ತದೆ. ಎಮಲ್ಷನ್ನಿಗೆ ಇದರ ತಿರುಗುಮುರುಗು, ಗೋಡೆ ಒಣಗಿಯೇ ಇರಬೇಕು. ಒಳಗಿನ ಬಣ್ಣ ಅಗ್ಗವೆಂದು ಅದನ್ನು ಹೊರಗೆ ಬಳಿದರೆ ಮಳೆಗೂ ಪಾಚಿಗೂ ನಿಲ್ಲದು. ಪಾಚಿಯ ಮೇಲೆಯೇ ಬಣ್ಣ ಎಳೆಯುವ ಕೆಲಸಗಾರನಿಗೆ ಸಂಬಳ ಕೊಡಬೇಡಿ ಎನ್ನುವಷ್ಟು ಸಿಟ್ಟು ನನಗೆ ಬರುತ್ತದೆ. ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ, ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ತೊಳೆದು, ಒಣಗಿಸಿ, ಆಮೇಲೆ ಬಣ್ಣ. ಹಳೆಯ ಸುಣ್ಣದ ಮೇಲೆ ಎಮಲ್ಷನ್ ಬಳಿಯುವುದಾದರೆ ಸುಣ್ಣವನ್ನು ಪೂರಾ ಕೆರೆಯದೆ ನಿರ್ವಾಹವಿಲ್ಲ.

ಕೆರೆಯುವ ಮಾತು ಬಂದುದರಿಂದ ಹೇಳಿಬಿಡುತ್ತೇನೆ. ಬಾಗಿಲು ಕಿಟಕಿಗಳ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವುದುಂಟು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗ ಮೀರಬಾರದೆಂದು ಕೇಂದ್ರ ಸರಕಾರ ನಿಯಮ ಮಾಡಿದ್ದು ೨೦೧೬ರಲ್ಲಿ, ಅದು ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಚ್ಚಿ ಕೆರೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ತೊಟ್ಟಿಲ ಮಗುವನ್ನೂ ಬಸುರಿ ಹೆಂಗಸರನ್ನೂ ಆ ದಿನ ದೂರವಿಡಿ.

ಹೊರಗಿನದು ಮುಗಿದು ದುಡ್ಡೂ ಮುಗಿಯಿತು ಎನ್ನಿ. ಚಿಂತೆ ಬೇಡ. ಒಳಗಿನದನ್ನು ಮುಂದಿನ ಫೆಬ್ರವರಿಗೆ ಇಟ್ಟುಕೊಳ್ಳಿ. ಮಧ್ಯೆ ಒಂದು ಮಳೆಗಾಲ ಕಳೆದರೆ ಹೊರಗಿನ ಕೆಲಸದ ಪರೀಕ್ಷೆಯೂ ಆಗುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಒಳಗೋಡೆಯ ಮೇಲೆ ಎಲ್ಲಿ ಕಲೆ ಮೂಡಿತೆಂದು ಸೀಸದಕಡ್ಡಿಯಿಂದ ಗೆರೆ ಎಳೆದಿಡಿ. ಬೇಸಗೆಯಲ್ಲಿ ಆ ಗೆರೆಗೆ ಸರಿಯಾಗಿ ಹೊರಗಡೆ ಹುಡುಕಿದರೆ ನೀರು ನುಗ್ಗುವ ದಾರಿ ಸಿಗುತ್ತದೆ. ಮೂಟೆಗಳನ್ನು ಆ ಗೋಡೆಯಿಂದ ಒಂದಡಿಯಾದರೂ ದೂರ, ಹಲಗೆಯ ಮೇಲೆ ಇಡುವುದನ್ನು ಮರೆಯಬೇಡಿ. ಬಿಸಿಲಿನಲ್ಲಿ ಕಷ್ಟಪಟ್ಟು ಒಣಗಿಸಿದ ಕಾಫಿ ಗೋಡೆಯ ಥಂಡಿಯನ್ನು ಮತ್ತೆ ಹೀರುತ್ತದೆ.

ಹೊಸ ಮನೆ ಕಟ್ಟಿಸಿದವರಿಗೆ ಎರಡು ಮಾತು. ಮೇ ತಿಂಗಳ ಗೃಹಪ್ರವೇಶಕ್ಕೆಂದು ಹಸಿ ಗಾರೆಯ ಮೇಲೆ ಪುಟ್ಟಿ, ಎಣ್ಣೆ ಬಣ್ಣ ಏರಿಸಬೇಡಿ. ಗಾರೆ ಒಣಗಲು ತಿಂಗಳಾದರೂ ಬೇಕು. ನಮ್ಮ ಥಂಡಿಗೆ ಅದೂ ಸಾಲದು. ಹೊರಗಿನದನ್ನು ಭದ್ರ ಮಾಡಿ ಒಳಗೆ ಬರಿಯ ಸುಣ್ಣದಲ್ಲಿ ಒಂದು ವರ್ಷ ಕಳೆಯಿರಿ.

ಒಳಗೆ ಮೊದಲು ಮಾಡುವ ಸಂದರ್ಭವೇ ಇಲ್ಲವೇ ಎಂದು ಕೇಳಬಹುದು. ಇದೆ. ಹೊರಗಿನ ಬಣ್ಣ ಎರಡು ಮೂರು ವರ್ಷದ್ದು, ಇನ್ನೂ ಗಟ್ಟಿಯಾಗಿದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಾಣಲಿಲ್ಲ ಎಂದಾದರೆ ಧಾರಾಳವಾಗಿ ಒಳಗಿನಿಂದ ಶುರುಮಾಡಿ, ಅದೂ ಅಡಿಗೆಮನೆಯಿಂದ. ಮಳೆ ಹಿಡಿದ ಮೇಲೆ ಮಾತ್ರ ಒಳಗೂ ಬೇಡ, ಹೊರಗೂ ಬೇಡ.

ಇನ್ನುಳಿದದ್ದು ಮದುವೆಯ ಮನೆ. ವೈಶಾಖದಲ್ಲಿ ಮಗಳ ಮದುವೆ, ಬೀಗರು ಬರುತ್ತಾರೆ, ಪಡಸಾಲೆ ಹಾಗೆಯೇ ಬಿಡಲಾಗುತ್ತದೆಯೇ? ಬಿಡಬೇಡಿ. ದೊಡ್ಡ ದುಡ್ಡನ್ನು ಹಿಂದಿನ ಗೋಡೆಗೆ ಹಾಕಿ, ಪಡಸಾಲೆಯಲ್ಲಿ ಈಗಾಗಲೇ ಸುಣ್ಣದ ಗೋಡೆಯಿದ್ದರೆ ತಿಳಿ ಬಣ್ಣ ಬೆರೆಸಿದ ಸುಣ್ಣವನ್ನೇ ಎರಡು ಕೈ ಬಳಿಯಿರಿ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯಿರಿ. ಖರ್ಚು ಅಲ್ಪ, ನೋಡಲಿಕ್ಕೆ ಲಕ್ಷಣ. ಅಂಟು ಮಾತ್ರ ಸರಿಯಾಗಿ ಹಾಕಿಸಿ, ಇಲ್ಲದಿದ್ದರೆ ಒರಗಿ ಕೂತ ಬೀಗರ ಕೋಟಿನ ಬೆನ್ನೆಲ್ಲ ಬೆಳ್ಳಗಾದೀತು. ಅನುಮಾನವಿದ್ದರೆ ಅವರು ಕೂರುವ ಕಡೆ ಗೋಡೆಗೊಂದು ಜಮಖಾನ ಇಳಿಬಿಡಿ.